ನೈಟ್ರೋ ಆರ್‌ಸಿ ಎಂಜಿನ್ನಿನ ಬಿಸಿ ಅಳೆಯೋಕೆ ಯಾವುದು ಕೊಳ್ಳಬೇಕು: ಟೆಂಪ್ ಗನ್ನೋ, ಕಾರಿನಲ್ಲೇ ಕೂರುವ ಸೆನ್ಸರೋ?

ನೈಟ್ರೋ ಕಾರು, ಅಂದರೆ ನೈಟ್ರೋ ಇಂಧನದ ಪುಟ್ಟ ಎಂಜಿನ್ ಇರುವ ರಿಮೋಟ್ ಕಾರು ಕೊಂಡ ಮೊದಲ ವಾರದಲ್ಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಎಂಜಿನ್ ಎಷ್ಟು ಬಿಸಿ ಇರಬೇಕು? ಉತ್ತರ ಸುಲಭವಾಗಿ ಸಿಗುತ್ತದೆ: ಸುಮಾರು 105ರಿಂದ 125 ಡಿಗ್ರಿ ಸೆಲ್ಸಿಯಸ್. ಮ್ಯಾನ್ಯುಯಲ್‌ಗಳಲ್ಲಿ, ವಿಡಿಯೋಗಳಲ್ಲಿ ಫ್ಯಾರನ್‌ಹೀಟ್ ಲೆಕ್ಕವೇ ಜಾಸ್ತಿ, ಅಲ್ಲಿ ಇದು 220ರಿಂದ 260. ಇಂಥ ಕಾರು ಮಾಡುವ ಟ್ರಾಕ್ಸಾಸ್‌ನವರು ತಮ್ಮ ಎಂಜಿನ್‌ಗಳಿಗೆ 270 ಫ್ಯಾರನ್‌ಹೀಟ್, ಅಂದರೆ 132 ಸೆಲ್ಸಿಯಸ್ ದಾಟಿಸಬೇಡಿ ಅನ್ನುತ್ತಾರೆ.

ಆದರೆ ಎಲ್ಲಿ ಅಳೆದ 110? ಯಾವುದರಿಂದ ಅಳೆದದ್ದು? ಕಾರು ಬಂದು ನಿಂತು ಎಷ್ಟು ಹೊತ್ತಾದ ಮೇಲೆ? ಒಂದೇ ಎಂಜಿನ್, ಒಂದೇ ಗಳಿಗೆ. ಇಂಧನ ಉರಿಸುವ ಗ್ಲೋ ಪ್ಲಗ್ ಪಕ್ಕದಲ್ಲಿ ಒಂದು ಅಂಕಿ, ಎಂಜಿನ್ನಿನ ಮೇಲ್ಭಾಗ ಅಂದರೆ ಹೆಡ್ಡಿನ ಫಿನ್ (ಗಾಳಿಗೆ ಬಿಸಿ ಬಿಡುವ ತೆಳು ರೆಕ್ಕೆ) ತುದಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ "ನನ್ನದು 110 ಬರುತ್ತೆ, ನಿನ್ನದು?" ಅನ್ನುವ ಮಾತಿಗೆ ಅಷ್ಟು ಅರ್ಥವಿಲ್ಲ. ನಿನ್ನೆ ನಿಮ್ಮ ಕಾರಿನಲ್ಲಿ 110 ಬಂದದ್ದು ಇವತ್ತು 125 ಆಯಿತಾ, ಅದು ಮುಖ್ಯ. ಉಪಕರಣ ಆರಿಸುವಾಗ ನಾನು ನೋಡುವುದೂ ಇದನ್ನೇ: ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ರೀತಿ ಅಳೆಯೋಕೆ ಯಾವುದು ಬಿಡುತ್ತದೆ? ಒಂದೆರಡು ಡಿಗ್ರಿ ಆಚೀಚೆ ತೋರಿಸಿದರೆ ತೊಂದರೆಯಿಲ್ಲ. ದಿನಕ್ಕೊಂದು ರೀತಿ ತೋರಿಸಬಾರದು, ಅಷ್ಟೆ.

ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ನೈಟ್ರೋ ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ಬೇರೆ ಎಂಜಿನ್ ಆಯಿಲ್ಲೂ ಇಲ್ಲ. ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ ಮೂರೂ ಒಂದೇ ಡಬ್ಬದಲ್ಲಿ ಬೆರೆತು ಬರುತ್ತವೆ. ಎಂಜಿನ್ನನ್ನು ತಣ್ಣಗಿಡುವುದು ಹೆಡ್ ಮೇಲೆ ಬೀಸುವ ಗಾಳಿ ಮತ್ತು ಒಳಗೆ ಹೋಗುವ ಇಂಧನ. ಕಾರ್ಬುರೇಟರಿನಲ್ಲಿ ಇಂಧನದ ಅಳತೆ ತಿದ್ದುವ ಸ್ಕ್ರೂ, ಅಂದರೆ ನೀಡಲ್ ಬಿಗಿ ಮಾಡಿ ಲೀನ್ ಮಾಡಿದರೆ ಇಂಧನ ಕಡಿಮೆ ಹೋಗುತ್ತದೆ, ಬಿಸಿ ಏರುತ್ತದೆ. ಅದರ ಜೊತೆಗೇ ಎಣ್ಣೆಯೂ ಕಡಿಮೆಯಾಗುತ್ತದೆ. ನಿಮಿಷಕ್ಕೆ 30,000 ಸುತ್ತು ದಾಟುವ 3.5 ಸಿಸಿ ಎಂಜಿನ್ನಿಗೆ ಈ ಎರಡೂ ಒಟ್ಟಿಗೆ ಬಿದ್ದರೆ ಮೊದಲು ಗ್ಲೋ ಪ್ಲಗ್ಗಿನ ತಂತಿ ಹೋಗುತ್ತದೆ. ಆಮೇಲೆ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಸರದಿ.

ತಣ್ಣಗೆ ಓಡಿಸಿದರೆ ಸೇಫ್ ಅಂದುಕೊಳ್ಳುವವರು ಬಹಳ. ಇಂಥ ಎಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಎಬಿಸಿ ಅನ್ನುತ್ತಾರೆ: ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆ ಸ್ಲೀವ್ (ಪಿಸ್ಟನ್ ಆಡುವ ಕೊಳವೆ), ಅದರ ಒಳಗೆ ಕ್ರೋಮ್ ಲೇಪ. ಪಿಸ್ಟನ್ನಿಗೆ ರಿಂಗ್ ಇಲ್ಲ. ಸ್ಲೀವ್ ಮೇಲ್ಗಡೆ ಕೂದಲೆಳೆಯಷ್ಟು ಸಣ್ಣದಾಗಿರುತ್ತದೆ. ಹೊಸ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿದರೆ ಮೇಲೆ ಬಂದಾಗ ಗಟ್ಟಿಯಾಗಿ ಹಿಡಿಯುತ್ತದಲ್ಲ, ಅದೇ ಕಾರಣ. ಬಿಸಿಯಾದಾಗ ಹಿತ್ತಾಳೆ ಹಿಗ್ಗಿ ಆ ಬಿಗಿ ಸಡಿಲವಾಗಬೇಕು, ಎಂಜಿನ್ ಮಾಡಿದವರ ಲೆಕ್ಕವೇ ಅದು. ದಿನಾ 80 ಡಿಗ್ರಿಯಲ್ಲೇ ಓಡಿಸಿದರೆ ಪಿಸ್ಟನ್ ಪ್ರತಿ ಸುತ್ತಿನಲ್ಲೂ ಸ್ಲೀವನ್ನು ಉಜ್ಜಿಕೊಂಡೇ ಮೇಲೇರುತ್ತದೆ. ಅದಕ್ಕೇ ಬ್ರೇಕ್-ಇನ್ ಮಾಡುವಾಗಲೂ, ಅಂದರೆ ಹೊಸ ಎಂಜಿನ್ನನ್ನು ಪಳಗಿಸುವಾಗಲೂ 95 ಡಿಗ್ರಿ ಹತ್ತಿರ ತರಬೇಕು. ಡಿಸೆಂಬರಿನ ಬೆಳಿಗ್ಗೆ ಹೆಡ್‌ಗೆ ಹಳೇ ಸಾಕ್ಸೋ ಅಲ್ಯೂಮಿನಿಯಂ ಫಾಯಿಲ್ಲೋ ಸುತ್ತುವುದು ನೋಡೋಕೆ ತಮಾಷೆ, ಆದರೆ ಅದು ಸರಿಯಾದ ಕೆಲಸ.

ನೀರಿನ ಹನಿ

ಕಾಸು ಖರ್ಚಿಲ್ಲದ ದಾರಿ ಇದು. ಕಾವಲಿ ಕಾದಿದೆಯಾ ಅಂತ ದೋಸೆ ಹುಯ್ಯುವ ಮೊದಲು ನೀರು ಚಿಮುಕಿಸಿ ನೋಡುತ್ತೇವಲ್ಲ, ಅದೇ ಲೆಕ್ಕ. ಹೆಡ್ ಮೇಲೆ ಒಂದು ಹನಿ ಬಿಡಿ. ಮೂರ್ನಾಲ್ಕು ಸೆಕೆಂಡಿನಲ್ಲಿ ಕುದಿದು ಆರಿದರೆ ಪರವಾಗಿಲ್ಲ. ಬಿದ್ದ ಕೂಡಲೇ ಚುರ್ ಎಂದು ಹಾರಿದರೆ ಬಿಸಿ ಜಾಸ್ತಿ. ಕುದಿಯದೆ ಸುಮ್ನೆ ಕೂತರೆ ಎಂಜಿನ್ ಇನ್ನೂ ತಣ್ಣಗಿದೆ.

ಇದರಿಂದ 90 ಮತ್ತು 130 ಬೇರೆ ಅಂತ ಗೊತ್ತಾಗುತ್ತದೆ. 115 ಮತ್ತು 130 ಬೇರೆ ಅಂತ ಗೊತ್ತಾಗುವುದಿಲ್ಲ, ನಮಗೆ ಬೇಕಾದ್ದು ಆ ವ್ಯತ್ಯಾಸವೇ. ಗನ್ನಿನ ಬ್ಯಾಟರಿ ಮುಗಿದ ದಿನಕ್ಕೆ ಸಾಕು.

ಟೆಂಪ್ ಗನ್

ಹೆಚ್ಚಿನವರಿಗೆ ನಾನು ಹೇಳುವುದು ಮುಟ್ಟದೆಯೇ ಬಿಸಿ ಅಳೆಯುವ ಈ ಥರ್ಮಾಮೀಟರನ್ನೇ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಆನ್‌ಲೈನಿನಲ್ಲಿ ಸಾವಿರ, ಎರಡು ಸಾವಿರಕ್ಕೆಲ್ಲ ಸಿಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಬರುವುದಿಲ್ಲ. ಅದು ಮನುಷ್ಯರ ಜ್ವರಕ್ಕೆ ಮಾಡಿದ್ದು, ಸುಮಾರು 43 ಡಿಗ್ರಿ ದಾಟಿದರೆ ಕೈ ಎತ್ತಿಬಿಡುತ್ತದೆ. ಇಂಡಸ್ಟ್ರಿಯಲ್ ಅಂತ ಮಾರುವುದನ್ನೇ ಕೇಳಿ ತಗೊಳ್ಳಿ.

ಗನ್ ಕೊಳ್ಳುವಾಗ ಎರಡು ವಿಷಯ ನೋಡಬೇಕು. ಮೊದಲನೆಯದು ಡಬ್ಬದ ಮೇಲೆ 8:1, 12:1 ಅಂತ ಬರೆದಿರುವ ಅಂಕಿ. 12:1 ಅಂದರೆ 30 ಸೆಂ.ಮೀ. ದೂರದಿಂದ ಹಿಡಿದಾಗ ಎರಡೂವರೆ ಸೆಂ.ಮೀ. ಅಗಲದ ವೃತ್ತದ ಸರಾಸರಿ ಬಿಸಿಯನ್ನು ಗನ್ ಹೇಳುತ್ತದೆ. ಗ್ಲೋ ಪ್ಲಗ್ಗಿನ ಷಡ್ಭುಜ ತಲೆ ಸಾಮಾನ್ಯವಾಗಿ 8 ಮಿ.ಮೀ. ಅಂದರೆ 30 ಸೆಂ.ಮೀ. ದೂರದಿಂದ ಅಳೆದರೆ ಪ್ಲಗ್‌ಗಿಂತ ಜಾಸ್ತಿ ಫಿನ್‌ಗಳನ್ನೇ ಅಳೆದ ಹಾಗೆ. ಹತ್ತಿರ ಹಿಡಿಯಬೇಕು, ಅಂಗೈ ಅಗಲದಷ್ಟು ದೂರ ಸಾಕು. ಜೇಬಿಗೆ ಹಿಡಿಸುವ ಸಣ್ಣ ಗನ್‌ಗಳು ಹೆಚ್ಚಾಗಿ 1:1. ಅವನ್ನು ಒಂದೆರಡು ಸೆಂ.ಮೀ. ಹತ್ತಿರ ತರದಿದ್ದರೆ ಬರುವ ಅಂಕಿಗೆ ಬೆಲೆಯಿಲ್ಲ.

ಲೇಸರ್ ಚುಕ್ಕೆಯನ್ನೂ ಪೂರ್ತಿ ನಂಬಬೇಡಿ. ಲೇಸರ್ ಹೊರಡುವುದು ಒಂದು ತೂತಿನಿಂದ, ಬಿಸಿ ಅಳೆಯುವ ಲೆನ್ಸ್ ಅದರ ಕೆಳಗೆ. ದೂರದಿಂದ ಹಿಡಿದಾಗ ಇದು ಲೆಕ್ಕಕ್ಕೆ ಬರುವುದಿಲ್ಲ. ಹತ್ತಿರ ಹಿಡಿದಾಗ ಚುಕ್ಕೆ ಪ್ಲಗ್ ಮೇಲೆ, ಅಳತೆ ಮಾತ್ರ ಪಕ್ಕದ ಫಿನ್ ಮೇಲೆ. ಲೆನ್ಸನ್ನೇ ಪ್ಲಗ್ ನೇರಕ್ಕೆ ತನ್ನಿ, ಚುಕ್ಕೆ ಎಲ್ಲಿ ಬಿದ್ದರೂ ಇರಲಿ.

ಎರಡನೆಯದು ಎಮಿಸಿವಿಟಿ, ಅಂದರೆ ಮೇಲ್ಮೈ ತನ್ನ ಬಿಸಿಯನ್ನು ಎಷ್ಟು ಚೆನ್ನಾಗಿ ಕಿರಣವಾಗಿ ಸೂಸುತ್ತದೆ ಅನ್ನುವ ಅಂಕಿ. ಗನ್ ಅಳೆಯುವುದು ವಸ್ತು ಹೊರಸೂಸುವ ಇನ್‌ಫ್ರಾರೆಡ್ ಕಿರಣವನ್ನು. ಕಪ್ಪು, ಒರಟು ಮೇಲ್ಮೈ ಚೆನ್ನಾಗಿ ಸೂಸುತ್ತದೆ. ಹೊಳೆಯುವ ಅಲ್ಯೂಮಿನಿಯಂ ಬಹಳ ಕಡಿಮೆ ಸೂಸುತ್ತದೆ, ಸುತ್ತಲಿನ ಬಿಸಿಯನ್ನೇ ಕನ್ನಡಿಯಂತೆ ವಾಪಸ್ ಕಳಿಸುತ್ತದೆ. ಅಗ್ಗದ ಗನ್‌ಗಳಲ್ಲಿ ಈ ಮೌಲ್ಯವನ್ನು 0.95ಕ್ಕೆ ಗಟ್ಟಿ ಮಾಡಿಬಿಟ್ಟಿರುತ್ತಾರೆ. ಹೊಳೆಯುವ ಅಲ್ಯೂಮಿನಿಯಂನದ್ದು 0.1ರ ಆಸುಪಾಸು. ಹಾಗಾಗಿ ಬಣ್ಣ ಹಾಕದ ಹೆಡ್ ಮೇಲೆ ಗನ್ ತೋರಿಸುವ 70 ಡಿಗ್ರಿ ನಿಜಕ್ಕೂ 120 ಇರಬಹುದು. ನೀಲಿ, ಕಪ್ಪು, ಕೆಂಪು ಆನೊಡೈಸ್ ಮಾಡಿದ ಹೆಡ್‌ನಲ್ಲಿ ಈ ತೊಂದರೆ ಬಹಳ ಕಡಿಮೆ.

ಫ್ಲೂಕ್ 62 ಮ್ಯಾಕ್ಸ್‌ನಂಥ ಒಳ್ಳೆಯ ಗನ್‌ನಲ್ಲಿ ಎಮಿಸಿವಿಟಿ ಬದಲಿಸಬಹುದು. ಬೆಲೆ ಮಾತ್ರ ಅಗ್ಗದ್ದರ ಎಷ್ಟೋ ಪಟ್ಟು. ಈ ಹವ್ಯಾಸಕ್ಕೆ ಅಷ್ಟು ಬೇಕಾ? ನನಗಂತೂ ಬೇಡ ಅನಿಸುತ್ತದೆ. ಬೈಕ್ ಸೈಲೆನ್ಸರಿಗೆ ಹೊಡೆಯುವ ಹೀಟ್‌ಪ್ರೂಫ್ ಕಪ್ಪು ಪೇಂಟ್ ಆಟೋ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಪ್ಲಗ್ ಕೂರುವ ಗುಳಿಯ ಒಳಗೋಡೆಗೆ ತೆಳ್ಳಗೆ ಒಂದು ಕೋಟ್ ಹಚ್ಚಿ, ಪ್ರತಿ ಸಲ ಅಲ್ಲಿಗೇ ನೇರ ಮೇಲಿನಿಂದ ಹಿಡಿಯಿರಿ. ಗುಳಿಯೊಳಗೆ ಕಿರಣ ಅಲ್ಲಲ್ಲೇ ಪುಟಿದು ಹೊರಬರುವುದರಿಂದ ಬರಿಯ ಲೋಹವೂ ಅಲ್ಲಿ ಸ್ವಲ್ಪ ನಿಜ ಹೇಳುತ್ತದೆ. ಪೇಂಟ್ ಸೇರಿದರೆ ಸಾವಿರ ರೂಪಾಯಿಯ ಗನ್ನೂ ಸಾಕು. ಎಲೆಕ್ಟ್ರಿಷಿಯನ್‌ಗಳ ಕಪ್ಪು ಪಿವಿಸಿ ಟೇಪ್ ಅಂಟಿಸೋಕೆ ಹೋಗಬೇಡಿ, ಈ ಬಿಸಿಗೆ ಅದು ಕರಗಿ ಅಂಟಂಟಾಗುತ್ತದೆ.

ಕಾರಿನ ಬಾಡಿ ತೆಗೆಯದೆ ಮೇಲಿನಿಂದ ಅಳೆಯೋಣ ಅಂದರೆ ಆಗುವುದಿಲ್ಲ. ಬಾಡಿಯ ಪಾಲಿಕಾರ್ಬೊನೇಟ್ ನಮ್ಮ ಕಣ್ಣಿಗೆ ಪಾರದರ್ಶಕ, ಈ ಕಿರಣಕ್ಕೆ ಗೋಡೆ. ಹೆಡ್ ಮೇಲೆ ತೂತು ಕತ್ತರಿಸಿದ್ದರೆ ಸರಿ. ಗನ್‌ನಲ್ಲಿ ಮ್ಯಾಕ್ಸ್ ಅನ್ನುವ ಮೋಡ್ ಇದ್ದರೆ ಟ್ರಿಗರ್ ಹಿಡಿದುಕೊಂಡೇ ಪ್ಲಗ್ ಸುತ್ತ ನಿಧಾನವಾಗಿ ಆಡಿಸಿ, ಅತಿ ಜಾಸ್ತಿ ಬಂದದ್ದನ್ನು ಬರೆದುಕೊಳ್ಳಿ. ಕೈ ಅಲುಗಾಡಿದರೂ ಅಂಕಿ ಬದಲಾಗುವುದಿಲ್ಲ. ಎಕ್ಸಾಸ್ಟ್ ಪೈಪ್ ಮಾತ್ರ ಗನ್ನಿನ ಕಣ್ಣಿಗೆ ಬೀಳಬಾರದು. ಅದು ಹೆಡ್‌ಗಿಂತ ಬಹಳ ಬಿಸಿ.

ಗನ್ನಿನ ದೊಡ್ಡ ಕೊರತೆ ಅಂದರೆ ಕಾರು ನಿಮ್ಮ ಹತ್ತಿರ ಬರಬೇಕು. ಜೋರಾಗಿ ಎರಡು ಮೂರು ಸುತ್ತು ಹೊಡೆಸಿ, ಬಂದ ಹತ್ತು ಸೆಕೆಂಡಿನೊಳಗೆ ಅಳೆಯಬೇಕು. ಸ್ನೇಹಿತರ ಹತ್ತಿರ ಮಾತಾಡುತ್ತಾ ಅರ್ಧ ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಅದು ಬೇರೆಯೇ ಅಂಕಿ. ಐಡಲ್ ರಿಚ್ (ಲೀನ್‌ನ ಉಲ್ಟಾ, ಇಂಧನ ಜಾಸ್ತಿ) ಇದ್ದರೆ ಬಿಸಿ ಇಳಿದಿರುತ್ತದೆ. ಲೀನ್ ಇದ್ದರೆ, ಗಾಳಿಯೂ ಇಲ್ಲದೆ ಏರಿರುತ್ತದೆ.

ಮಲ್ಟಿಮೀಟರ್ ಮತ್ತು ಥರ್ಮೋಕಪಲ್

ಮನೆಯಲ್ಲಿ ಟೆಂಪರೇಚರ್ ಅಳೆಯುವ ಮಲ್ಟಿಮೀಟರ್ ಇದ್ದರೆ ಅದರ ಜೊತೆ ಬಿಸಿ ಅಳೆಯುವ ಕೆ-ಟೈಪ್ ಥರ್ಮೋಕಪಲ್ ತಂತಿ ಬಂದಿರುತ್ತದೆ, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಂಡು. ಅದನ್ನು ಪ್ಲಗ್ ಬುಡಕ್ಕೆ ಒತ್ತಿ ಹಿಡಿದರೆ ಎಮಿಸಿವಿಟಿಯ ಜಗಳವೇ ಇಲ್ಲ. ನಿಜವಾದ ಬಿಸಿಗೆ ಗನ್‌ಗಿಂತ ಹತ್ತಿರದ ಅಂಕಿ ಬರುತ್ತದೆ.

ಆದರೆ ಟ್ರ್ಯಾಕ್ ಪಕ್ಕದಲ್ಲಿ ಅದುರುವ ಎಂಜಿನ್ ಮೇಲೆ ಅದನ್ನು ಒತ್ತಿ ಹಿಡಿದು, ಅಂಕಿ ನಿಲ್ಲುವವರೆಗೆ ಕಾಯುವುದು ಆಗದ ಮಾತು. ನಾನು ಇದನ್ನು ಬಳಸುವುದು ಗನ್ ಸರಿ ಹೇಳುತ್ತಿದೆಯಾ ಅಂತ ನೋಡೋಕೆ ಮಾತ್ರ. ಮೊದಲು ಕುದಿಯುವ ನೀರಿನಲ್ಲಿ ತಂತಿಯನ್ನು ಪರೀಕ್ಷೆ ಮಾಡಿ. ಮಂಗಳೂರಿನಲ್ಲಿ 100 ಬರಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು 97ಕ್ಕೇ ಕುದಿಯುತ್ತದೆ. 97 ಬಂತು ಅಂತ ಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಆಮೇಲೆ ಬಿಸಿ ಹೆಡ್ ಮೇಲೆ ಪೇಂಟ್ ಹಚ್ಚಿದ ಜಾಗದಲ್ಲಿ ಗನ್ ಮತ್ತು ತಂತಿ ಎರಡನ್ನೂ ಹಿಡಿದು ಎಷ್ಟು ವ್ಯತ್ಯಾಸ ಅಂತ ಬರೆದಿಟ್ಟುಕೊಳ್ಳಿ.

ಪ್ಲಗ್ ಕೆಳಗೆ ವಾಷರ್ ಥರ ಕೂರುವ ರಿಂಗ್ ಸೆನ್ಸರ್ ಕೂಡ ಸಿಗುತ್ತದೆ. ವಿಮಾನ ಮಾಡೆಲ್‌ನವರಿಗೆ ಇದು ಗೊತ್ತಿರುತ್ತದೆ. ಕಾರಿಗೆ ತರಿಸುವ ಮೊದಲು ನಿಮ್ಮ ಪ್ಲಗ್ ನೋಡಿ. 1/8 ಬಗ್ಗಿ (ನಿಜ ಕಾರಿನ ಎಂಟನೇ ಒಂದು ಅಳತೆಯ ಮಾಡೆಲ್) ಎಂಜಿನ್‌ಗಳಲ್ಲಿ ಹೆಚ್ಚಾಗಿ ಟರ್ಬೊ ಪ್ಲಗ್ ಇರುತ್ತದೆ. ಅದರ ಬುಡ ಶಂಕುವಿನ ಹಾಗೆ ಓರೆ, ವಾಷರ್ ಇಲ್ಲದೆ ನೇರ ಲೋಹಕ್ಕೆ ಲೋಹ ಕೂರುತ್ತದೆ. ಅಲ್ಲಿ ರಿಂಗ್ ತುರುಕಿದರೆ ಗಾಳಿ ಸೋರುತ್ತದೆ, ಅಷ್ಟೆ. ತಾಮ್ರದ ವಾಷರ್ ಇರುವ ಸ್ಟ್ಯಾಂಡರ್ಡ್ ಪ್ಲಗ್ ಆದರೆ ಹಾಕಬಹುದು.

ಕಾರಿಗೇ ಕಟ್ಟುವ ಸಣ್ಣ ಮೀಟರ್

ವೆನಮ್ ಮುಂತಾದ ಕಂಪನಿಗಳು ಇಂಥದ್ದು ಮಾಡಿವೆ. ಹೆಡ್ ಸುತ್ತ ಒಂದು ತಂತಿ, ಛಾಸಿ ಮೇಲೆ ಬೆರಳಿನಷ್ಟು ಸಣ್ಣ ಡಿಸ್‌ಪ್ಲೇ. ಈಗಿನ ಬಿಸಿ ಮತ್ತು ಇಲ್ಲಿಯವರೆಗೆ ಮುಟ್ಟಿದ ಅತಿ ಜಾಸ್ತಿ ಬಿಸಿ, ಎರಡನ್ನೂ ತೋರಿಸುತ್ತದೆ. ಗನ್‌ಗೆ ಕಾಣದ, ಆ ತುದಿಯ ಸ್ಟ್ರೇಟ್‌ನಲ್ಲಿ ಏರಿದ ಬಿಸಿ ಇದಕ್ಕೆ ಕಾಣುತ್ತದೆ. ಅದೊಂದೇ ಇದರ ಹೆಚ್ಚುಗಾರಿಕೆ. ಓದಬೇಕಾದರೆ ಇಲ್ಲೂ ಕಾರು ಹತ್ತಿರ ಬರಲೇಬೇಕು. ತಂತಿ ಇರುವುದು ಫಿನ್ ಹತ್ತಿರ, ಹಾಗಾಗಿ ಪ್ಲಗ್ ಬಳಿಯ ಅಂಕಿಗಿಂತ ಕಡಿಮೆ ಬರುತ್ತದೆ. ಎಣ್ಣೆ, ಧೂಳು, ಪಲ್ಟಿ ಎಲ್ಲ ಸೇರಿ ಡಿಸ್‌ಪ್ಲೇ ಬಹಳ ದಿನ ಬಾಳುವುದೂ ಇಲ್ಲ. ಯಾರಾದರೂ ಹಳೇದು ಕೊಟ್ಟರೆ ತಗೊಳ್ಳಿ, ಹೊಸದಾಗಿ ಕೊಳ್ಳಲು ನಾನು ಹೇಳುವುದಿಲ್ಲ.

ಟೆಲಿಮೆಟ್ರಿ

ಸೆನ್ಸರ್ ಕಾರಿನಲ್ಲಿ, ಅಂಕಿ ನಿಮ್ಮ ಕೈಯಲ್ಲಿರುವ ರಿಮೋಟಿನಲ್ಲಿ. ಫುಟಾಬಾ, ಸಾನ್ವಾ, ಸ್ಪೆಕ್ಟ್ರಮ್‌ನ ಮೇಲಿನ ದರ್ಜೆಯ ಕಾರ್ ರೇಡಿಯೋಗಳಲ್ಲಿ ಇದು ಇದೆ. ಟ್ರಾಕ್ಸಾಸ್‌ನವರು ತಮ್ಮ ಟಿಕ್ಯುಐ ರೇಡಿಯೋಗೆ ಫೋನ್ ಜೋಡಿಸಿ ಲಿಂಕ್ ಆ್ಯಪ್‌ನಲ್ಲಿ ಮೀಟರ್ ಥರ ತೋರಿಸುತ್ತಾರೆ. ಫ್ಲೈಸ್ಕೈನ ಕೆಲವು ರಿಸೀವರ್‌ಗಳಿಗೆ ಐ-ಬಸ್ ಟೆಂಪರೇಚರ್ ಸೆನ್ಸರ್ ಹಾಕಬಹುದು. ಒಂದು ಕಂಪನಿಯ ಸೆನ್ಸರ್ ಇನ್ನೊಂದರ ರಿಸೀವರ್‌ಗೆ ಸಾಮಾನ್ಯವಾಗಿ ಹೊಂದುವುದಿಲ್ಲ.

ಡೆಮೊ ನೋಡಿದಾಗ ಖುಷಿಯಾಗುವುದು ಆ ಮೀಟರ್ ನೋಡಿ. ಆದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಓಡುತ್ತಿರುವಾಗ ಯಾರು ರಿಮೋಟ್ ನೋಡುತ್ತಾರೆ? ಕಣ್ಣು ಕಾರಿನ ಮೇಲೆ ಇರಬೇಕು. ಟೆಲಿಮೆಟ್ರಿಗೆ ಕೊಡುವ ದುಡ್ಡೆಲ್ಲ ನಿಜವಾಗಿ ಅಲಾರಮ್‌ಗೆ. ಮಿತಿ ದಾಟಿದ ಕೂಡಲೇ ರಿಮೋಟ್ ಕೂಗಬೇಕು ಅಥವಾ ಅದುರಬೇಕು. ಆ ಸೌಲಭ್ಯ ಇಲ್ಲದ ಸೆಟ್ಟಿಗೆ ಸೆನ್ಸರ್ ಹಾಕಿ ಪ್ರಯೋಜನವಿಲ್ಲ.

ಮಿತಿ ಎಷ್ಟಿಡಬೇಕು? ಮ್ಯಾನ್ಯುಯಲ್‌ನ 132 ಅಲ್ಲ. ಆ ಅಂಕಿ ಪ್ಲಗ್ ಹತ್ತಿರದ್ದು, ನಿಮ್ಮ ಸೆನ್ಸರ್ ಫಿನ್ ಸಂದಿಯಲ್ಲಿದೆ. ಒಂದು ದಿನ ಎಂಜಿನ್ ಚೆನ್ನಾಗಿ ಟ್ಯೂನ್ ಆಗಿ, ಹೊಗೆ ಬಿಡುತ್ತಾ ಸರಿಯಾಗಿ ಓಡುತ್ತಿರುವಾಗ ಗನ್‌ನಲ್ಲಿ ಎಷ್ಟು, ಸೆನ್ಸರ್‌ನಲ್ಲಿ ಎಷ್ಟು ಅಂತ ಎರಡನ್ನೂ ನೋಡಿ. ಗನ್ 115, ಸೆನ್ಸರ್ 95 ಅಂದರೆ ಅಲಾರಮ್ಮನ್ನು 105ಕ್ಕೆ ಇಡಿ. ಅಂದರೆ ಟೆಲಿಮೆಟ್ರಿ ಹಾಕಿಸಿದವರಿಗೂ ಗನ್ ಬೇಕೇ ಬೇಕು.

ಜೋಡಿಸುವಾಗ ಒಂದಷ್ಟು ಕಿರಿಕಿರಿ ಇದೆ. ಸಾಮಾನ್ಯ ನೈಲಾನ್ ಜಿಪ್ ಟೈ ಹೆಡ್ಡಿನ ಬಿಸಿಗೆ ಮೆತ್ತಗಾಗಿ ಸಡಿಲವಾಗುತ್ತದೆ, ಸೆನ್ಸರ್ ಜಾರುತ್ತದೆ, ಅಂಕಿ ಇಳಿಯುತ್ತದೆ. ಎಂಜಿನ್ ತಣ್ಣಗಿದೆ ಅಂತ ನೀವು ಇನ್ನೂ ಲೀನ್ ಮಾಡುತ್ತೀರಿ. ತೆಳ್ಳಗಿನ ಸ್ಟೀಲ್ ತಂತಿಯಲ್ಲಿ ಕಟ್ಟಿ. ತಂತಿ ಕ್ಲಚ್ ಬೆಲ್ಲಿಗೂ ಎಕ್ಸಾಸ್ಟಿಗೂ ತಾಗದ ಹಾಗೆ ಎಳೆಯಿರಿ. ಫಿನ್‌ಗೆ ಬಿಸಿ ಮುಟ್ಟೋಕೆ ಹೊತ್ತು ಬೇಕು, ಆದ್ದರಿಂದ ಅಂಕಿ ಯಾವಾಗಲೂ ಸ್ವಲ್ಪ ತಡ. ಇಂಧನ ಪೈಪಿನಲ್ಲಿ ಗಾಳಿ ಸೇರಿ ಎಂಜಿನ್ ಒಮ್ಮೆಲೇ ಲೀನ್ ಆದರೆ ಮೊದಲು ಗೊತ್ತಾಗುವುದು ಕಿವಿಗೆ, ಆಮೇಲೆ ಅಲಾರಮ್‌ಗೆ.

ಅಂಕಿ ಚೆನ್ನಾಗಿದ್ದೂ ಎಂಜಿನ್ ಕೆಡುವುದು

ಯಾವ ಉಪಕರಣ ಕೊಂಡರೂ ಈ ಬಲೆ ಇದ್ದೇ ಇದೆ. ಚಳಿಯ ಬೆಳಿಗ್ಗೆ ಗಾಳಿ ದಟ್ಟ. ಕಾರ್ಬುರೇಟರ್‌ಗೆ ಆಮ್ಲಜನಕ ಜಾಸ್ತಿ ಹೋಗುತ್ತದೆ, ನಿನ್ನೆ ಮಧ್ಯಾಹ್ನದ ನೀಡಲ್ ಇವತ್ತಿಗೆ ಲೀನ್. ಆದರೆ ಅದೇ ತಣ್ಣನೆ ಗಾಳಿ ಹೆಡ್ಡನ್ನೂ ಆರಿಸುತ್ತಿರುತ್ತದೆ, ಗನ್ 105 ಅನ್ನುತ್ತದೆ. ಅಂಕಿ ನೋಡಿ ಇನ್ನೂ ಬಿಗಿ ಮಾಡಿದರೆ ಎಂಜಿನ್ನಿಗೆ ಎಣ್ಣೆ ಸಾಲುವುದಿಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಇದು ಉಲ್ಟಾ: ಮಿಶ್ರಣ ಸರಿಯಾಗಿದ್ದರೂ ಅಂಕಿ ಹತ್ತು ಹದಿನೈದು ಡಿಗ್ರಿ ಮೇಲಿರಬಹುದು.

ಘಾಟಿ ಇಳಿದಾಗಲೂ ಹೀಗೇ. ಬೆಂಗಳೂರಿನ ಗಾಳಿ ಸಮುದ್ರ ಮಟ್ಟದ್ದಕ್ಕಿಂತ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು. ಇಲ್ಲಿ ಸರಿಯಾಗಿ ಟ್ಯೂನ್ ಆದ ಕಾರು ಮಂಗಳೂರಿಗೋ ಉಡುಪಿಗೋ ಹೋದರೆ ಲೀನ್ ಆಗಿರುತ್ತದೆ. ಸ್ಟಾರ್ಟ್ ಮಾಡುವ ಮೊದಲೇ ಹೈ ಸ್ಪೀಡ್ ನೀಡಲ್ಲನ್ನು ಎಡಕ್ಕೆ ಎರಡು ಗಂಟೆಯಷ್ಟು ಬಿಚ್ಚಿ, ಅಲ್ಲಿಂದ ಒಂದೊಂದೇ ಗಂಟೆ ಬಿಗಿ ಮಾಡುತ್ತಾ ಬನ್ನಿ. ಒಂದು ಗಂಟೆ ಅಂದರೆ ಸುತ್ತಿನ ಹನ್ನೆರಡನೇ ಒಂದು ಭಾಗ.

ಹಾಗಾಗಿ ಗನ್ ಹಿಡಿಯುವ ಮೊದಲು ಹೊಗೆ ನೋಡಿ. ಫುಲ್ ಥ್ರಾಟಲ್‌ನಲ್ಲಿ ತೆಳ್ಳಗೆ ನೀಲಿ-ಬಿಳಿ ಹೊಗೆ ಎಳೆಯಾಗಿ ಬರುತ್ತಿರಬೇಕು. ಹೊಗೆ ಇಲ್ಲ, ಅಂಕಿ ಮಾತ್ರ ಚೆನ್ನಾಗಿದೆ ಅಂದರೆ ಹೊಗೆಯ ಮಾತು ಕೇಳಿ. ಅನುಮಾನ ಇದ್ದರೆ ಐಡಲ್‌ನಲ್ಲಿ ಇಂಧನ ಪೈಪ್ ಒತ್ತಿ ಹಿಡಿಯಿರಿ. ಎರಡು ಮೂರು ಸೆಕೆಂಡಿನಲ್ಲಿ ಆರ್‌ಪಿಎಂ ಸ್ವಲ್ಪ ಏರಿ ಎಂಜಿನ್ ನಿಂತರೆ ಲೋ ಸ್ಪೀಡ್ ನೀಡಲ್ ಸರಿಯಿದೆ. ಒತ್ತಿದ ಕೂಡಲೇ ನಿಂತರೆ ಲೀನ್.

ಹಾಗಾದರೆ ಯಾರಿಗೆ ಯಾವುದು?

ಹೊಸಬರಿಗೆ, ಭಾನುವಾರ ಮೈದಾನದಲ್ಲಿ ಆಡುವವರಿಗೆ 12:1 ಗನ್ ಮತ್ತು ಒಂದು ಡಬ್ಬ ಕಪ್ಪು ಪೇಂಟ್. ಎಮಿಸಿವಿಟಿ ಬದಲಿಸುವ ಸೌಲಭ್ಯ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಉಳಿದ ದುಡ್ಡಿನಲ್ಲಿ ಎರಡು ಗ್ಲೋ ಪ್ಲಗ್ ಎಕ್ಸ್‌ಟ್ರಾ ಇಟ್ಟುಕೊಳ್ಳಿ.

ಟ್ರ್ಯಾಕಿನಲ್ಲಿ ರೇಸ್ ಮಾಡುವವರಿಗೂ ಗನ್ನೇ. 125 ಸಿಸಿ ಟ್ಯಾಂಕಿನ 1/8 ಬಗ್ಗಿ ಕೆಲವು ನಿಮಿಷಕ್ಕೊಮ್ಮೆ ಪಿಟ್‌ಗೆ ಬಂದೇ ಬರುತ್ತದೆ. ಪ್ರಾಕ್ಟೀಸ್‌ನಲ್ಲಿ ಪಿಟ್‌ನವರು ಅಲ್ಲೇ ಅಳೆಯಬಹುದು. ರೇಸ್ ನಡೆಯುವಾಗ ಇಂಧನ ತುಂಬಿಸಿ ಬಿಡುವಷ್ಟೇ ಹೊತ್ತು, ಆಗ ಮೆಕ್ಯಾನಿಕ್‌ನ ಕಿವಿಯೇ ಮೀಟರ್.

ಟೆಲಿಮೆಟ್ರಿ ಬೇಕಾಗುವುದು ದೊಡ್ಡ ಬಯಲಿನಲ್ಲಿ ದೂರ ದೂರ ಓಡಿಸುವವರಿಗೆ. ಕಾರು ನೂರು ಮೀಟರ್ ಆಚೆ ಇದೆ, ಹೊಗೆ ಕಾಣುವುದಿಲ್ಲ, ಸದ್ದು ಸರಿಯಾಗಿ ಕೇಳುವುದಿಲ್ಲ, ಪಿಟ್‌ಗೆ ಕರೆಯುವವರೂ ಇಲ್ಲ. ಮಕ್ಕಳ ಕೈಗೆ ರಿಮೋಟ್ ಕೊಡುವ ಮನೆಯಲ್ಲೂ ಅಲಾರಮ್ ಒಳ್ಳೆಯದು, ಅವರು ಟ್ಯಾಂಕ್ ಖಾಲಿಯಾಗುವವರೆಗೆ ಟ್ರಿಗರ್ ಬಿಡುವುದಿಲ್ಲ. ಟ್ಯಾಂಕಿನ ಕೊನೆಯ ಹನಿಗಳಲ್ಲೇ ಎಂಜಿನ್ ಲೀನ್ ಆಗುವುದು, ಅಲ್ವಾ.

ಬರಿಯ ಬಿಸಿ ನೋಡುವ ಸಲುವಾಗಿ ರೇಡಿಯೋ ಬದಲಿಸಬೇಡಿ. ಹೇಗೂ ಹೊಸ ರೇಡಿಯೋ ಕೊಳ್ಳುವ ಯೋಚನೆ ಇದ್ದರೆ, ಸೆಟ್ಟಿನ ಜೊತೆ ಬರುವ ರಿಸೀವರ್‌ನಲ್ಲಿ ಸೆನ್ಸರ್ ಪೋರ್ಟ್ ಇದೆಯಾ ಅಂತ ಅಂಗಡಿಯವರನ್ನು ಕೇಳಿ. ಒಂದೇ ರೇಡಿಯೋವನ್ನು ಟೆಲಿಮೆಟ್ರಿ ಇರುವ ರಿಸೀವರ್ ಜೊತೆಗೂ, ಇಲ್ಲದ ರಿಸೀವರ್ ಜೊತೆಗೂ ಮಾರುವುದುಂಟು. ಎರಡನೆಯದು ತಗೊಂಡರೆ ಆಮೇಲೆ ರಿಸೀವರ್‌ಗೇ ಇನ್ನೊಂದು ಸಲ ದುಡ್ಡು ಕೊಡಬೇಕು.